ಹೆಣಕ್ಕೆ ಹಗ್ಗ ಕಟ್ಟಿಸಿದ ಸಾಹೇಬರು

ನಮ್ಮೂರ ಪೊಲೀಸ್ ಸಾಹೇಬರು ಹೇಗೆ ತೀರಿಕೊಂಡರು ಎಂದು ಪರವೂರಿನವರು ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಯಾಕೆಂದರೆ ಇದ್ದದ್ದು ಇದ್ದಂತೆ ಹೇಳಿದರೆ ಅವರು ನಗುತ್ತಾರೆ. ಹೆಣವನ್ನು ಉಳಿಸಲು ಹೋಗಿ ಸತ್ತರು ಎಂದರೆ ಯಾರಿಗೆ ನಗು ಬರುವುದಿಲ್ಲ ಹೇಳಿ? ಒಮ್ಮೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೀಗೇ ನಕ್ಕ. ನಾನು ಅವನ ಮೇಲೆ ಜಗಳಕ್ಕೆ ಹೋದೆ. ಅವನ ಬಸ್ಸೂ ಹೋಯಿತು, ನನ್ನದೂ ಹೋಯಿತು. ಅದಕ್ಕೇ ಈಗ ಎಲ್ಲವನ್ನೂ ಬರೆದುಬಿಡುತ್ತೇನೆ. ನಗುವವರು ಓದಿ ನಕ್ಕು ಮುಗಿಸಿಕೊಳ್ಳಲಿ, ನನ್ನೆದುರು ಮಾತ್ರ ಬೇಡ.

ನನ್ನದು ಸೀರೆ ಅಂಗಡಿ. ಬನಹಟ್ಟಿ ಮಗ್ಗದ ಸೀರೆ ತಂದು ಮಾರುತ್ತೇನೆ. ಅಂಗಡಿಯ ಎದುರಿಗೇ ಪೊಲೀಸ್ ಠಾಣೆ. ಹೀಗಾಗಿ ಠಾಣೆಗೆ ಬಂದ ಸಾಹೇಬರನ್ನೆಲ್ಲ ನಾನು ಅವರ ಹೆಂಡಂದಿರಿಗಿಂತ ಹೆಚ್ಚು ಹೊತ್ತು ನೋಡಿದ್ದೇನೆ. ಇವರು ಮಾತ್ರ ಬೇರೆಯೇ ಜಾತಿಯ ಮನುಷ್ಯ. ತುಮಕೂರು ಕಡೆಯವರು. ಮೈಕಟ್ಟು ನೋಡಿದರೆ ಗರಡಿಯ ಪೈಲ್ವಾನ, ಬಾಯಿ ತೆಗೆದರೆ ಬಾಲವಾಡಿಯ ಕೂಸು. ಅಷ್ಟು ಸಣ್ಣ ದನಿ. ಕಳ್ಳನನ್ನು ಗದರಿಸಿದರೆ ಕಳ್ಳ ‘ಏನಂದ್ರಿ?’ ಎಂದು ಕಿವಿ ಮುಂದೆ ತರುತ್ತಿದ್ದ. ಅದಕ್ಕೇ ಅವರು ಎಲ್ಲದಕ್ಕೂ ಸೀಟಿ ಊದುತ್ತಿದ್ದರು. ಚಹಾ ಬೇಕಾದರೂ ಸೀಟಿ, ಜೀಪು ಬೇಕಾದರೂ ಸೀಟಿ. ಚಹಾದವನು ಜೀಪು ತರಲಿಕ್ಕೆ ಓಡಿದ್ದೂ ಉಂಟು.

ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಎಲ್ಲಾ ಕ್ರಮಪ್ರಕಾರ ಆಗ್ಬೇಕು ಕಣ್ರೀ." ಈ ಕ್ರಮಪ್ರಕಾರದಿಂದ ನಮ್ಮೂರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಒಂದು ದಿನ ನನ್ನ ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆ ಕಳುವಾಯಿತು. ಸೀರೆ ಸಮೇತ. ನಾನು ಬಯ್ಯುತ್ತ ಠಾಣೆಗೆ ಹೋದೆ. ಸಾಹೇಬರು ನನ್ನನ್ನು ಕೂರಿಸಿ, ನೀರು ಕೊಟ್ಟು, ಬಹಳ ಮೆಲ್ಲಗೆ ಕೇಳಿದರು: "ಕೊನೇ ಸಲ ನೋಡಿದ್ದು ಯಾವಾಗ?"

"ಮುಂಜಾನಿ ರೀ."

"ಮನೇಲಿ ಏನಾದ್ರೂ ಮನಸ್ತಾಪ ಆಗಿತ್ತಾ?"

"ಸಾಹೇಬ್ರ, ಅದು ಗೊಂಬಿ ರೀ!"

"ಗೊತ್ತು ಕಣ್ರೀ. ಆದ್ರೂ ಕೇಳ್ಬೇಕು. ಕ್ರಮ."

ಮೂರನೆಯ ದಿನ ಚಿಮ್ಮಡದ ಹೊಲವೊಂದರಲ್ಲಿ ನನ್ನ ಗೊಂಬೆ ಸಿಕ್ಕಿತು. ಯಾವನೋ ಪುಣ್ಯಾತ್ಮ ಅದನ್ನು ಗೋವಿನಜೋಳದ ನಡುವೆ ಹಕ್ಕಿ ಬೆದರಿಸಲು ನಿಲ್ಲಿಸಿದ್ದ. ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಹೆಣ್ಣನ್ನು ಠಾಣೆಗೆ ತರಬೇಕಾದರೆ ಮಹಿಳಾ ಪೊಲೀಸು ಜೊತೆಗಿರಬೇಕಂತೆ. ಮಹಿಳಾ ಪೇದೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳನ್ನು ಕರೆಸಿ, ಗೊಂಬೆಯ ಪಕ್ಕದಲ್ಲಿ ಕೂರಿಸಿ ತಂದರು. ಅವಳು ಹಿಟ್ಟಿನ ಕೈಯಲ್ಲೇ ಗೊಂಬೆಯ ಹೆಗಲು ಹಿಡಿದು ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಇದು ಚೇಷ್ಟೆಯೋ ಖರೆಯೋ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಸಾಹೇಬರ ಮುಖದಲ್ಲಿ ನಗು ಇರಲಿಲ್ಲ.

ಇನ್ನೊಮ್ಮೆ ಮುಧೋಳ ನಾಯಿಯೊಂದರ ಸಲುವಾಗಿ ಇಬ್ಬರು ಬಡಿದಾಡಿಕೊಂಡು ಬಂದರು. ಇಬ್ಬರೂ ನಾಯಿ ತನ್ನದೇ ಎನ್ನುವವರು. ಸಾಹೇಬರು ಗುರುತು ಹಿಡಿಯುವ ಪರೇಡು ಇಟ್ಟರು. ಅಂಥವೇ ನಾಲ್ಕಾರು ನಾಯಿಗಳನ್ನು ಊರೆಲ್ಲ ಹುಡುಕಿ ತಂದು ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದಾಯಿತು. ಗುರುತು ಹಿಡಿಯುವಷ್ಟರಲ್ಲಿ ಒಂದು ಬೆಕ್ಕು ಗೋಡೆ ದಾಟಿತು ನೋಡಿ! ನಾಯಿಗಳೆಲ್ಲ ಅದರ ಹಿಂದೆ, ಪೇದೆಗಳೆಲ್ಲ ನಾಯಿಗಳ ಹಿಂದೆ, ಸಾಹೇಬರ ಸೀಟಿ ಎಲ್ಲರ ಹಿಂದೆ. ಆದರೆ ಜಗಳದ ನಾಯಿ ಓಡಿ ಓಡಿ ಸುಸ್ತಾಗಿ ತನ್ನ ಮನೆಗೇ ಹೋಗಿ ಮಲಗಿತ್ತು. "ನೋಡಿದ್ರಾ, ಸಾಕ್ಷಿ ತಾನೇ ಹೋಗಿ ಹೇಳಿಕೆ ಕೊಡ್ತು" ಎಂದರು. ಸೋತವನೂ ಒಪ್ಪಿಕೊಂಡು ಹೋದ. ಅವರು ಇದ್ದಷ್ಟು ಕಾಲ ನಮ್ಮೂರಲ್ಲಿ ಯಾರೂ ಸುಳ್ಳು ಕೇಸಿನಲ್ಲಿ ಒಳಗೆ ಹೋಗಲಿಲ್ಲ, ಈ ಮಾತನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ.

ಈಗ ಹೆಣದ ಸಂಗತಿ.

ಹೋಳಿಹುಣ್ಣಿಮೆಯ ಮರುದಿನ, ಬಣ್ಣದಾಟಕ್ಕೆ, ನಮ್ಮ ಕಡೆ ಅಣಕು ಶವಯಾತ್ರೆ ಮಾಡುತ್ತಾರೆ. ಜೀವಂತ ಮನುಷ್ಯನನ್ನು ಚಟ್ಟದ ಮೇಲೆ ಮಲಗಿಸಿ, ಹಲಗೆ ಬಾರಿಸುತ್ತ, ಬಾಯಿ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಎನ್ನುತ್ತ ಊರೆಲ್ಲ ತಿರುಗಿಸುತ್ತಾರೆ. ಗಂಡಸೊಬ್ಬ ಸೀರೆ ಉಟ್ಟು ಸತ್ತವನ ಹೆಂಡತಿಯಾಗಿ ಅಳುತ್ತಾನೆ. ನಮ್ಮೂರಲ್ಲಿ ಸಾಯುವವನು ಯಾವಾಗಲೂ ಬೀರಪ್ಪನೇ. ಕುರಿ ಕಾಯುವ ಮನೆತನದವನು, ಉದ್ದಕ್ಕೆ ಒಣಗಿದ ಮನುಷ್ಯ. ಉಸಿರು ಹಿಡಿದು ಮಲಗಿದನೆಂದರೆ ನೊಣ ಕೂಡ ನಂಬಿ ಬಂದು ಕೂರಬೇಕು.

ಸಾಹೇಬರು ಬಂದ ಮೊದಲ ವರ್ಷ ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಶವಯಾತ್ರೆ ಎದುರಿಗೆ ಬಂತು. ಅವರು ಜೀಪಿನಿಂದ ಇಳಿದು, ಮೈ ನೆಟ್ಟಗೆ ಮಾಡಿ, ಹೆಣಕ್ಕೆ ಸೆಲ್ಯೂಟ್ ಹೊಡೆದರು. ಆಗ ಮೂಗಿಗೆ ಬಣ್ಣ ಹೋಗಿ ಹೆಣ ಸೀನಿತು. ಸೀನಿದ್ದಷ್ಟೇ ಅಲ್ಲ, ಎದ್ದು ಕೂತು ತಿರುಗಿ ಸೆಲ್ಯೂಟ್ ಹೊಡೆಯಿತು.

"ಸತ್ತಿದ್ದು ಯಾರ್ರೀ?" ಎಂದರು ಸಾಹೇಬರು, ಕೈ ಇನ್ನೂ ಹಣೆಯ ಮೇಲೇ ಇತ್ತು.

"ನಾನ ರೀ."

"ಹೇಗೆ?"

"ಹ್ಯಾಂಗಂದ್ರ... ವರ್ಷಾ ವರ್ಷಾ ಸಾಯತೀನ್ರಿ."

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಬೇರೆ ಸಾಹೇಬರಾಗಿದ್ದರೆ ಅಲ್ಲೇ ಲಾಠಿ ಬೀಸುತ್ತಿದ್ದರು. ಇವರು ಮಾತ್ರ ಶವಯಾತ್ರೆಯ ಹಿಂದೆ ಕೊನೆಯ ತನಕ ನಡೆದು, ಎಲ್ಲವನ್ನೂ ನೋಡಿ, ಮರುದಿನ ಹಿರಿಯರನ್ನು ಕರೆಸಿದರು. ‘ಹೆಣ ನಡುನಡುವೆ ಎದ್ದು ಚಹಾ ಕುಡಿಯುತ್ತದೆ, ಪರಿಚಯದವರನ್ನು ಮಾತಾಡಿಸುತ್ತದೆ, ಒಂದು ಕಡೆ ಇಳಿದು ಹೋಗಿ ಒಬ್ಬನ ಕಪಾಳಕ್ಕೂ ಹೊಡೆದು ಬಂತು. ಇದು ಸರಿಯಲ್ಲ. ಹೆಣ ಅಂದಮೇಲೆ ಹೆಣದ ಹಾಗೆ ಇರಬೇಕು’ ಎಂದು ತಿಳಿಹೇಳಿದರು. ಮುಂದಿನ ವರ್ಷದಿಂದ ಬೀರಪ್ಪನನ್ನು ಚಟ್ಟಕ್ಕೆ ಹಗ್ಗದಿಂದ ಕಟ್ಟಬೇಕು ಎಂದು ಅಪ್ಪಣೆಯಾಯಿತು. ಕಟ್ಟಿದ ಗಂಟನ್ನು ಸಾಹೇಬರು ಸ್ವತಃ ಎಳೆದು ನೋಡಿಯೇ ಮೆರವಣಿಗೆಗೆ ಪರವಾನಿಗೆ ಕೊಡುತ್ತಿದ್ದರು. ಬೀರಪ್ಪನಿಗೆ ಇದರಿಂದ ಮರ್ಯಾದೆ ಹೆಚ್ಚಾದಂತಾಗಿ, "ಈಗ ಖರೇ ಸತ್ತಂಗ ಆಗತೈತಿ ನೋಡ್ರಿ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಕೊನೆಯ ವರ್ಷ ಹೆಂಡತಿ ಪಾತ್ರದವನ ಮನೆಯಲ್ಲಿ ನಿಜವಾದ ಸಾವಾಯಿತು. ಮನೆಯಲ್ಲಿ ಖರೆ ಅಳು ನಡೆದಿರುವಾಗ ಬೀದಿಯಲ್ಲಿ ಸುಳ್ಳು ಅಳು ಅಳಲು ಅವನು ಬರಲಿಲ್ಲ. ಹೆಂಡತಿ ಇಲ್ಲದ ಹೆಣ ಎತ್ತುವುದು ಹೇಗೆ? ಹಿರಿಯರು ಠಾಣೆಗೆ ಹೋದರು. ಅವರೊಳಗೊಬ್ಬರು ಚೇಷ್ಟೆಗೆ, "ಸಾಹೇಬ್ರ, ನಿಮ್ಮ ದನಿ ಹೆಣ್ಣಮಕ್ಕಳ ದನಿ ಐತ್ರಿ, ನೀವ ಬರ್ರಿ" ಅಂದರು. ಅಂದಮೇಲೆ ಅವರಿಗೇ ಹೆದರಿಕೆಯಾಗಿ ಬಾಗಿಲ ಕಡೆ ಸರಿದರು. ಸಾಹೇಬರು ತಮ್ಮ ಖಾಕಿ ಅಂಗಿ ನೋಡಿಕೊಂಡು, "ಡ್ಯೂಟಿ ಮೇಲಿದ್ದೀನಿ, ಯೂನಿಫಾರ್ಮ್ ತೆಗೆಯೋ ಹಾಗಿಲ್ಲ. ಅದರ ಮೇಲೇ ಉಟ್ಕೊಂಡ್ರೆ ಆಗತ್ತಾ?" ಎಂದರು.

ಆಗದೇ ಏನು! ಖಾಕಿ ಅಂಗಿಯ ಮೇಲೆ ಹಸಿರು ದಡಿಯ ಸೀರೆ, ಸೀರೆಯ ಮೇಲೆ ಬೆಲ್ಟು, ಕೊರಳಲ್ಲಿ ಸೀಟಿ. ಸಾಹೇಬರು ಅತ್ತರು ನೋಡಿ! ಅಂಥ ಅಳು ನಮ್ಮೂರು ಕೇಳಿರಲಿಲ್ಲ. "ಅಯ್ಯೋ ನನ್ ರಾಜಾ, ಯಾರಿಗೂ ಹೇಳ್ದೆ ಕೇಳ್ದೆ ಕ್ರಮ ತಪ್ಪಿ ಹೋಗ್ಬಿಟ್ಯಲ್ಲೋ" ಎಂದು ಎದೆ ಬಡಿದುಕೊಂಡರೆ, ಹೆಣದ ಹೊಟ್ಟೆ ಹಗ್ಗದ ಕೆಳಗೆ ನಗುವಿನಿಂದ ಕುಣಿಯುತ್ತಿತ್ತು. ಮಾಳಿಗೆಯ ಮೇಲೆ ನಿಂತ ಹೆಂಗಸರು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ನಾನೂ ಅಂಗಡಿಯ ಬಾಗಿಲು ಹಾಕಿ ಹಿಂದೆಯೇ ನಡೆದೆ.

ಅದು ಕಬ್ಬಿನ ಹಂಗಾಮು. ಬಣ್ಣವಿರಲಿ ಬೂದಿಯಿರಲಿ, ಕಬ್ಬಿನ ಟ್ರ್ಯಾಕ್ಟರು ನಿಲ್ಲುವುದಿಲ್ಲ. ಊರ ಇಳಿಜಾರಿನ ದಾರಿಯಲ್ಲಿ ನಮ್ಮ ಮುಂದೆ ಒಂದು ಟ್ರ್ಯಾಕ್ಟರು ಎರಡು ಟ್ರೇಲರು ಕಬ್ಬು ಹೇರಿಕೊಂಡು ಮೇಲಕ್ಕೆ ಹತ್ತುತ್ತಿತ್ತು. ಹಿಂದಿನ ಟ್ರೇಲರಿನ ಕೊಂಡಿ ಕಳಚಿತು. ಅದು ತನ್ನಷ್ಟಕ್ಕೆ ತಾನು ಇಳಿಜಾರಿಗೆ ಉರುಳತೊಡಗಿತು.

ಚಟ್ಟ ಹೊತ್ತವರು ಅದನ್ನು ನೋಡಿದ್ದೇ ತಡ, ಹೆಣವನ್ನು ನಡುದಾರಿಗೆ ಇಳಿಸಿ ಓಡಿಹೋದರು. ನಾವೂ ಓಡಿದೆವು. ಬೀರಪ್ಪ ಏಳಲು ನೋಡಿದ. ಹಗ್ಗ! "ಲೇ ಬಿಚ್ಚರ್ಲೇ, ನಾ ಬದಕೇನ್ಲೇ!" ಎಂದು ಒದರಿದ. ಅದನ್ನು ಹಿಂದೆ ದೂರದಲ್ಲಿದ್ದವರು ಕೇಳಿ ಇನ್ನಷ್ಟು ನಕ್ಕರು. ಅಷ್ಟರಲ್ಲಿ ಸೀಟಿ ಕೇಳಿತು. ಸಾಹೇಬರು ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡು, ಸೀಟಿ ಊದುತ್ತಲೇ, ಎಲ್ಲರೂ ಓಡುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ಓಡಿದರು. ಗಂಟಿಗೆ ಕೈ ಹಾಕಿ ನೋಡಿದರು. ಬಿಚ್ಚಲಿಲ್ಲ. ಚಟ್ಟದ ಬಿದಿರು ಹಿಡಿದು ಬೀರಪ್ಪನನ್ನು ಚಟ್ಟದ ಸಮೇತ ಗಟಾರಕ್ಕೆ ದೂಡಿದರು. ತಾವು ದಾಟಿಕೊಳ್ಳಲು ವೇಳೆ ಸಾಲಲಿಲ್ಲ. ಟ್ರೇಲರು ಮಗುಚಿತು, ಕಬ್ಬೆಲ್ಲ ಅವರ ಮೇಲೆ ಬಿತ್ತು.

"ಸಾಹೇಬ್ರು ಸತ್ರೋ!" ಎಂದು ಯಾರೋ ಚೀರಿದರು.

ಹಿಂದಿದ್ದವರಿಗೆ ಇದು ಆಟದ ಹೊಸ ಭಾಗ ಎನಿಸಿತು. ಅವರು ಬಾಯಿಗೆ ಕೈ ಬಡಿದು ‘ಲಬೋ ಲಬೋ’ ಎಂದರು. ಹಲಗೆಯವರು ಇನ್ನೂ ಜೋರಾಗಿ ಬಾರಿಸಿದರು. ಮುಂದೆ ನಾವು ಕಬ್ಬು ಎಳೆದು ಎಳೆದು ಒಗೆಯುತ್ತಿದ್ದೇವೆ, ಹಿಂದೆ ಊರು ಕುಣಿಯುತ್ತಿದೆ. ನಾನು ಗಂಟಲು ಹರಿಯುವ ಹಾಗೆ ಬೈದೆ. ನನ್ನ ಬೈಗುಳಕ್ಕೂ ನಕ್ಕರು. ನಾನು ಒಬ್ಬನ ಹಲಗೆ ಕಿತ್ತುಕೊಂಡು ನೆಲಕ್ಕೆ ಹೊಡೆದಾಗ ಅವನು ನನ್ನ ಮುಖ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಕಬ್ಬಿನ ಕೆಳಗಿಂದ ಅವರನ್ನು ತೆಗೆದಾಗ ಜೀವ ಇರಲಿಲ್ಲ. ನಾನು ಅಲ್ಲೇ ದಾರಿಯಲ್ಲಿ ಕೂತು ಅತ್ತೆ, ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ.

ಸಾಹೇಬರ ಮಣ್ಣು ಅವರ ಊರಿನಲ್ಲಾಯಿತು. ಆದರೆ ಅಷ್ಟರೊಳಗೆ ಯಾವನೋ ಮೊಬೈಲಿನಲ್ಲಿ ಹಿಡಿದದ್ದು ಎಲ್ಲ ಕಡೆ ಹರಿದಾಡಿತ್ತು. ಪೊಲೀಸನೊಬ್ಬ ಸೀರೆ ಉಟ್ಟು ಎದೆ ಬಡಿದುಕೊಳ್ಳುವುದಷ್ಟೇ ಅದರಲ್ಲಿತ್ತು, ಓಡಿದ್ದು ಇರಲಿಲ್ಲ. ಕುಡಿದಿದ್ದನಂತೆ ಎಂದು ಊರು ಗೊತ್ತಿಲ್ಲದವರೆಲ್ಲ ಬರೆದರು. ಆಗ ಹುಟ್ಟಿದ ಪ್ರಶ್ನೆ ಇದು: ಸಾಹೇಬರು ಸಾಯುವಾಗ ಕರ್ತವ್ಯದ ಮೇಲಿದ್ದರೋ, ಆಟದಲ್ಲಿದ್ದರೋ? ಕರ್ತವ್ಯದ ಮೇಲೆ ಸತ್ತ ಪೊಲೀಸರ ಹೆಸರನ್ನು ವರ್ಷಕ್ಕೊಮ್ಮೆ ಜಿಲ್ಲೆಯ ಪರೇಡ್ ಮೈದಾನದಲ್ಲಿ ಓದುತ್ತಾರೆ. ಆಟದಲ್ಲಿ ಸತ್ತವರ ಹೆಸರು ಓದುವುದಿಲ್ಲ. ಸಾಹೇಬರ ಮನೆಯವರು, ಅಂದರೆ ಅವರ ಹೆಂಡತಿ, ಬೇರೆ ಏನನ್ನೂ ಕೇಳಲಿಲ್ಲ. "ಜೀವಮಾನವೆಲ್ಲ ಕ್ರಮ ಕ್ರಮ ಅಂದೋರು. ಕ್ರಮ ತಪ್ಪಿ ಸತ್ರು ಅನ್ನಿಸ್ಕೋಬಾರ್ದು. ಒಂದ್ಸಲ ಅವರ ಹೆಸರು ಅಲ್ಲಿ ಓದ್ಲಿ ಅಷ್ಟೇ" ಎಂದರು.

ವಿಚಾರಣೆಗೆ ಜಿಲ್ಲೆಯಿಂದ ದೊಡ್ಡ ಅಧಿಕಾರಿಯೊಬ್ಬರು ಬಂದು ಠಾಣೆಯಲ್ಲಿ ಕೂತರು. ಊರು ಹಿಂದಿನ ದಿನವೇ ಕಟ್ಟೆಯ ಮೇಲೆ ಸೇರಿ, ಸಾಹೇಬರ ಹೆಸರು ಉಳಿಸಬೇಕಾದರೆ ಸೀರೆಯ ಸುದ್ದಿಯನ್ನೇ ತೆಗೆಯಬಾರದು ಎಂದು ಗೊತ್ತು ಮಾಡಿತು. ಆದರೆ ಸೀರೆಯ ಬದಲು ಏನು ಹೇಳಬೇಕು ಎಂದು ಯಾರೂ ಗೊತ್ತು ಮಾಡಲಿಲ್ಲ. ಅಲ್ಲಿ ಎಡವಟ್ಟಾಯಿತು.

ಮೊದಲನೆಯವನು, ಮಾಳಿಗೆ ಮೇಲೆ ಒಣಗಲು ಹಾಕಿದ್ದ ಸೀರೆ ಗಾಳಿಗೆ ಹಾರಿ ಬಂದು ಸಾಹೇಬರ ಮೈಮೇಲೆ ಬಿತ್ತು ಅಂದ.

"ಬಿದ್ದದ್ದು ನಿರಿಗೆ ಸಮೇತ ಸುತ್ತಿಕೊಂಡಿತೇ?" ಎಂದರು ಅಧಿಕಾರಿ.

"ಗಾಳಿ ಜೋರಿತ್ರಿ."

ಎರಡನೆಯವನು, ಕಳ್ಳನನ್ನು ಹಿಡಿಯಲು ಸಾಹೇಬರು ವೇಷ ಹಾಕಿದ್ದರು ಅಂದ. ಯಾವ ಕಳ್ಳ ಎಂದರೆ, ಸಿಕ್ಕಿದ್ದರೆ ಗೊತ್ತಾಗುತ್ತಿತ್ತು ಅಂದ. ಮೂರನೆಯವನು ಅದು ಸೀರೆಯೇ ಅಲ್ಲ, ಮಳೆಯಂಗಿ ಅಂದ. ಬೇಸಿಗೆಯಲ್ಲಿ! ಆಗ ಸೀರೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಯ ವ್ಯಾಪಾರಿ ಎಂದು ನನ್ನನ್ನು ಕರೆದರು. ಕೈಗೆತ್ತಿಕೊಂಡು ದಡಿ ನೋಡಿದೊಡನೆ ಗುರುತು ಹತ್ತಿತು. ನನ್ನ ಅಂಗಡಿಯ ಮಾಲು. ಸಾಹೇಬರ ಮನೆಯವರೇ ಒಯ್ದದ್ದು.

"ಇದು ಸೀರೆ ಹೌದೋ ಅಲ್ಲವೋ?"

"ಉಡೋ ತನಕಾ ಬರೇ ಬಟ್ಟಿ ರೀ. ಉಟ್ಟರ ಸೀರಿ" ಅಂದೆ.

"ಉಟ್ಟಿದ್ದರಲ್ಲ?"

ನಾನು ಸೀರೆಯನ್ನು ಮಡಚತೊಡಗಿದೆ. ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೊನೆಗೆ ಬೀರಪ್ಪನನ್ನು ಕರೆದರು.

"ನೀನು ಏನು ನೋಡಿದೆ?"

"ನಾ ಏನೂ ನೋಡಿಲ್ರಿ, ನಾ ಸತ್ತಿದ್ದೆ."

"ಈಗ ಬದುಕಿದ್ದೀಯಲ್ಲ, ಈಗ ಹೇಳು."

ಬೀರಪ್ಪ ಕಟ್ಟೆಯ ಮೇಲೆ ಆದ ಮಾತನ್ನೆಲ್ಲ ಮರೆತು ಗಳಗಳ ಅತ್ತುಬಿಟ್ಟ. "ಬೀರೇದೇವರ ಆಣಿ, ಸುಳ್ಳ ಹೇಳಂಗಿಲ್ರಿ. ಸೀರಿ ಉಟ್ಟಿದ್ರು. ಅಳಾಕತ್ತಿದ್ರು. ನಾ ನಗಾಕತ್ತಿದ್ದೆ. ಆಮ್ಯಾಲ ಎಲ್ಲಾರೂ ಓಡಿದ್ರು, ಅವರೊಬ್ಬರ ಬಂದ್ರು. ಗಂಟ ಬಿಚ್ಚಲಿಲ್ಲ. ‘ತಪ್ಪಾಯ್ತು ಕಣಯ್ಯಾ, ಅಲ್ಲಾಡಬೇಡ’ ಅಂದ್ರು. ಅಂದು ದೂಡಿದ್ರು ರೀ."

ಆಗ ಬಾಗಿಲಲ್ಲಿ ನಿಂತಿದ್ದ ಸಾಹೇಬರ ಮನೆಯವರು ಒಳಗೆ ಬಂದರು. "ಆ ಸೀರೆ ನಂದೇ ಸಾರ್. ನಾನೇ ಉಡಿಸಿದ್ದು. ಈ ಊರವರ ಜೊತೆ ನಗ್ಬೇಕು ಅಂತ ಬಹಳ ಆಸೆ ಇತ್ತು ಅವರಿಗೆ, ಮುಖ ಬಿಟ್ಟು ನಗೋಕೆ ಬರ್ತಿರ್ಲಿಲ್ಲ. ಹೋಗಿ ಅತ್ತಾದ್ರೂ ಬನ್ನಿ ಅಂದೆ."

"ಅಮ್ಮಾ, ಇದನ್ನು ನೀವು ಹೇಳಿದರೆ ಹೆಸರು ಓದುವುದು ಕಷ್ಟವಾಗಬಹುದು" ಎಂದರು ಅಧಿಕಾರಿ.

"ಅವರು ಒಂದು ದಿನಾನೂ ಸುಳ್ಳು ಕೇಸು ಹಾಕಿದೋರಲ್ಲ ಸಾರ್. ಅವರ ಕೇಸಿಗೆ ನಾನು ಸುಳ್ಳು ಹೇಳ್ಲಾ?"

ಅಧಿಕಾರಿ ಕಾಗದಗಳನ್ನು ಕಟ್ಟಿಕೊಂಡು ಎದ್ದು ಹೋದರು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಹೆಸರು ಓದುವ ದಿನ ಹತ್ತಿರ ಬಂದಾಗ ಸಾಹೇಬರ ಮನೆಯವರಿಗೆ ಬರಹೇಳಿ ಫೋನು ಬಂತು. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದರೆ ಫೋನು ಮಾಡಿದವನಿಗೆ ಗೊತ್ತಿಲ್ಲ. ಅವರು ತುಮಕೂರು ಕಡೆಯಿಂದ ಬಂದರು. ನಾನೂ ಬೀರಪ್ಪನೂ ಅವರ ಜೊತೆ ಬಸ್ಸು ಹತ್ತಿದೆವು. ಬೀರಪ್ಪ ತಲೆಗೆ ಹೊಸ ಪಟಕಾ ಸುತ್ತಿಕೊಂಡಿದ್ದ, ಆದರೆ ಮುಖದಲ್ಲಿ ಕಳೆಯಿರಲಿಲ್ಲ. ಅವನದೊಂದು ಬದುವಿನ ವ್ಯಾಜ್ಯ ಜಮಖಂಡಿ ಕೋರ್ಟಿನಲ್ಲಿ ಅವನ ಅಪ್ಪನ ಕಾಲದಿಂದ ನಡೆದಿದೆ. ದಾರಿಯುದ್ದಕ್ಕೂ ಒಂದೇ ರಾಗ: "ಕೋರ್ಟಿನ್ಯಾಗ ಹೆಸರ ಕೂಗಿದಾಗ ಓ ಅನ್ನಲಿಲ್ಲಂದ್ರ ಕೇಸ ಹೊಡದ ಹಾಕತಾರ್ರಿ. ಇಲ್ಲಿ ಓ ಅನ್ನಾವ್ರು ಯಾರ್ರೀ?" ನಾನು ಬಾಯಿ ಮುಚ್ಚು ಎಂದು ಗದರಿದೆ.

ಮೈದಾನದಲ್ಲಿ ಪೊಲೀಸರು ಬಂದೂಕು ತಲೆಕೆಳಗೆ ಹಿಡಿದು, ತಲೆ ಬಾಗಿಸಿ ನಿಂತಿದ್ದರು. ಧ್ವನಿವರ್ಧಕದಲ್ಲಿ ಒಬ್ಬರು ಹೆಸರು ಓದುತ್ತಿದ್ದರು. ದೇಶದ ಎಲ್ಲ ಕಡೆಯ ಹೆಸರುಗಳು. ಮುಗಿಯುವುದೇ ಇಲ್ಲ. ಬಿಸಿಲು. ಸಾಹೇಬರ ಮನೆಯವರು ಕುರ್ಚಿಯ ತುದಿಗೆ ಬಂದು ಕೂತಿದ್ದರು, ಕೈಯಲ್ಲಿ ಸೆರಗಿನ ಚುಂಗು ಮುದ್ದೆಯಾಗಿತ್ತು. ಕರ್ನಾಟಕದ ಹೆಸರುಗಳು ಬಂದವು. ಒಂದು, ಇನ್ನೊಂದು. ನಮಗೆ ಸಾಹೇಬರೆಂದರೆ ಸಾಹೇಬರು. ಅವರಪ್ಪ ಇಟ್ಟ ಉದ್ದನೆಯ ಹೆಸರು ನಮ್ಮೂರಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಹೀಗಾಗಿ ಯಾವುದೋ ಒಂದು ಉದ್ದನೆಯ ಹೆಸರು ಬಂದಾಗ ನಾನು ಕಿವಿಗೂ ಹಾಕಿಕೊಳ್ಳಲಿಲ್ಲ. ಪಕ್ಕದಲ್ಲಿ ಅವರು ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು.

"ಯಾರ ಹೆಸರ್ರೀ ಅಕ್ಕಾರ?" ಬೀರಪ್ಪ ಪಿಸುಗುಟ್ಟಿದ.

"ಅವರದೇ."

ಬೀರಪ್ಪ ಕುರ್ಚಿ ಕೆಡವಿಕೊಂಡು ಎದ್ದು ನಿಂತ. ಕೈ ಮೇಲೆತ್ತಿ, ಅಷ್ಟು ದೊಡ್ಡ ಮೈದಾನವೆಲ್ಲ ಕೇಳುವ ಹಾಗೆ, "ಓ! ಅದಾರ್ರೀ! ನಮ್ಮ ಸಾಹೇಬ್ರು ಅದಾರ್ರೀ!" ಎಂದು ಕೂಗಿದ.

ಓದುವವರು ಮುಂದಿನ ಹೆಸರಿನ ನಡುವೆಯೇ ನಿಂತುಬಿಟ್ಟರು. ಸಾಲಿನಲ್ಲಿದ್ದ ಒಂದು ತಲೆಯೂ ಏಳಲಿಲ್ಲ. ಬೀರಪ್ಪ ಕೈ ಇಳಿಸಲಿಲ್ಲ. ಸಾಹೇಬರ ಮನೆಯವರು ಅವನ ಅಂಗಿಯ ಚುಂಗು ಹಿಡಿದು ಮೆಲ್ಲಗೆ ಜಗ್ಗಿದರು.

"ಕೂತ್ಕೊಳ್ಳಪ್ಪಾ" ಎಂದರು. "ಬರ್ಕೊಂಡ್ರು."